ಹ್ಯಾರಿ ಪಾಟರ್‌ನಿಂದ ಬನಶಂಕರಿ ಜಾತ್ರೆಯವರೆಗೆ: ಪಾರ್ಕಿನ ಬಾಗಿಲಿಗೆ ಜನರನ್ನು ತರುವುದು ಯಾವುದು?

ಡಿಸೆಂಬರ್ ಬಂತೆಂದರೆ ಗಜೇಂದ್ರಗಡ, ರೋಣ, ನರಗುಂದದ ಶಾಲೆಗಳಲ್ಲಿ ಟ್ರಿಪ್ಪಿನ ಮಾತು ಶುರುವಾಗುತ್ತದೆ. ನಮ್ಮ ಮುಶಿಗೇರಿಯಂಥ ಊರಿನ ಮಕ್ಕಳು ಹೋಗುವ ಜಾಗಗಳು ಬಹುಮಟ್ಟಿಗೆ ಗೊತ್ತಾದವೇ: ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ, ಆಲಮಟ್ಟಿ. ಎರಡು ದಿನದ ಟ್ರಿಪ್ಪಾದರೆ ಗೋಟಗೋಡಿಯ ಉತ್ಸವ ರಾಕ್ ಗಾರ್ಡನ್, ಇಲ್ಲವೇ ಮುರುಡೇಶ್ವರ. ಈಚೆಗೆ ಮಕ್ಕಳ ಬಾಯಲ್ಲಿ ವಂಡರ್‌ಲಾ ಹೆಸರೂ ಬರುತ್ತಿದೆ. ಮೊಬೈಲಿನಲ್ಲಿ ನೋಡಿದ ಮಕ್ಕಳು ಡಿಸ್ನಿಲ್ಯಾಂಡ್ ಎಲ್ಲಿದೆ ಎಂದೂ ಕೇಳುತ್ತಾರೆ. ಸರ್ಕಾರಗಳು ಸಹ ಆಗಾಗ ಇದೇ ಹೆಸರನ್ನು ಹಿಡಿಯುತ್ತವೆ. 2018ರಲ್ಲಿ ಕೃಷ್ಣರಾಜಸಾಗರದ ಬಳಿ ‘ಡಿಸ್ನಿಲ್ಯಾಂಡ್ ಮಾದರಿ’ಯ ಉದ್ಯಾನ, ಜೊತೆಗೆ ಎತ್ತರದ ಕಾವೇರಿ ಮಾತೆಯ ಪ್ರತಿಮೆ ಎಂಬ ಘೋಷಣೆ ಬಂದಾಗ ಪತ್ರಿಕೆಗಳ ತುಂಬ ಅದೇ ಸುದ್ದಿಯಾಗಿತ್ತು. ಅಣೆಕಟ್ಟಿನ ಸುತ್ತಲಿನ ರೈತರು ವಿರೋಧಿಸಿದರು. ಘೋಷಿಸಿದ ರೂಪದಲ್ಲಿ ಆ ಯೋಜನೆ ಮೇಲೇಳಲಿಲ್ಲ.

ಇದರ ಹಿಂದೆ ಒಂದು ನಂಬಿಕೆ ಇದೆ. ಸಿನಿಮಾ, ಕಾರ್ಟೂನು, ಆಟಿಕೆಗಳಿಂದ ಜಗತ್ತಿಗೇ ಗೊತ್ತಾದ ಒಂದು ಹೆಸರನ್ನು ಪಾರ್ಕಿನ ಬಾಗಿಲಿಗೆ ಹಾಕಿದರೆ ಜನ ತಾವಾಗಿಯೇ ಬರುತ್ತಾರೆ ಎಂಬ ನಂಬಿಕೆ. ಅದು ಎಷ್ಟರಮಟ್ಟಿಗೆ ನಿಜ ಎಂದು ಕಳೆದ ಕೆಲವು ದಶಕಗಳ ಅನುಭವವನ್ನು ಸಾಲಾಗಿ ಇಟ್ಟು ನೋಡುವುದು ಈ ಲೇಖನದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಸರು ಜನರನ್ನು ಒಮ್ಮೆ ಕರೆತರಬಲ್ಲದು. ಅವರು ಮತ್ತೆ ಮತ್ತೆ ಬರಬೇಕಾದರೆ ಆ ಕಥೆ ಅವರದ್ದಾಗಿರಬೇಕು, ಅಲ್ಲಿಗೆ ಮುಟ್ಟುವ ದಾರಿ ಅವರ ಕೈಗೆ ಎಟುಕಬೇಕು.

ನಂಬಿಕೆಯ ಪರವಾಗಿ ನಿಲ್ಲುವ ಬಲವಾದ ಸಾಕ್ಷಿ ಅಮೆರಿಕದ ಒರ್ಲಾಂಡೊದಲ್ಲಿದೆ. ಅಲ್ಲಿನ ಯೂನಿವರ್ಸಲ್ ಸಂಸ್ಥೆಯ ‘ಐಲ್ಯಾಂಡ್ಸ್ ಆಫ್ ಅಡ್ವೆಂಚರ್’ ಪಾರ್ಕಿನಲ್ಲಿ 2010ರ ಜೂನ್‌ನಲ್ಲಿ ಹ್ಯಾರಿ ಪಾಟರ್ ಲೋಕ ತೆರೆಯಿತು. ಉದ್ಯಮದವರು ಪ್ರತಿವರ್ಷ ಪ್ರಕಟಿಸುವ ಅಂದಾಜಿನ ಪ್ರಕಾರ 2009ರಲ್ಲಿ ಆ ಪಾರ್ಕಿಗೆ ಬಂದವರು 46 ಲಕ್ಷ. 2010ರಲ್ಲಿ 59 ಲಕ್ಷ, 2011ರಲ್ಲಿ 76 ಲಕ್ಷ ದಾಟಿತು. ಎರಡೇ ವರ್ಷದಲ್ಲಿ ಮೂವತ್ತು ಲಕ್ಷ ಜನ ಹೆಚ್ಚಾದರು. ಇದನ್ನು ಕಂಡ ಮೇಲೆ ಜಗತ್ತಿನ ದೊಡ್ಡ ಪಾರ್ಕುಗಳೆಲ್ಲ ಸಿನಿಮಾದ ಹಕ್ಕುಗಳ ಬೆನ್ನುಹತ್ತಿದವು. 2014ರಲ್ಲಿ ಜಪಾನಿನ ಒಸಾಕಾದ ಯೂನಿವರ್ಸಲ್ ಪಾರ್ಕಿಗೂ ಹ್ಯಾರಿ ಪಾಟರ್ ಬಂದ, ಅಲ್ಲಿಯೂ ಸಂಖ್ಯೆ ಏರಿತು. ಡಿಸ್ನಿ ತನ್ನ ಅನಿಮಲ್ ಕಿಂಗ್ಡಮ್ ಪಾರ್ಕಿನಲ್ಲಿ 2017ರ ಮೇ ತಿಂಗಳಲ್ಲಿ ‘ಅವತಾರ್’ ಸಿನಿಮಾದ ಪಂಡೋರಾ ಲೋಕವನ್ನು ತೆರೆದಾಗ ಅಲ್ಲಿನ ಸಂಖ್ಯೆ ಒಂದು ವರ್ಷದಲ್ಲಿ 1.08 ಕೋಟಿಯಿಂದ 1.25 ಕೋಟಿಗೆ ಹೋಯಿತು.

ಆದರೆ ಹ್ಯಾರಿ ಪಾಟರ್ ಲೋಕದಲ್ಲಿ ಬರೀ ಹೆಸರಿರಲಿಲ್ಲ. ಪುಸ್ತಕ ಓದಿದ ಹುಡುಗ ಮನಸ್ಸಿನಲ್ಲೇ ಓಡಾಡಿದ ಹಿಮದ ಹಳ್ಳಿ, ಹಾಗ್ವರ್ಟ್ಸ್ ಕೋಟೆ, ಮಂತ್ರದಂಡ ಮಾರುವ ಅಂಗಡಿ, ಕಥೆಯಲ್ಲಿ ಬರುವ ಪಾನೀಯ, ಎಲ್ಲವೂ ಅಲ್ಲಿ ಕೈಗೆ ಸಿಗುವಂತಿದ್ದವು. ಕೋಟೆಯೊಳಗಿನ ಸರದಿ ಸಾಲಿನಲ್ಲಿ ಕಾಯುವುದೂ ಕಥೆಯ ಒಂದು ಭಾಗವೇ ಆಗಿತ್ತು. ಪಂಡೋರಾದ ಮಾತು ಇನ್ನೂ ಸ್ವಾರಸ್ಯದ್ದು. ‘ಅವತಾರ್’ ತೆರೆಗೆ ಬಂದು ಆಗಲೇ ಏಳು ವರ್ಷ ದಾಟಿತ್ತು, ಅದರ ಪಾತ್ರಗಳ ಹೆಸರು ನೆನಪಿಟ್ಟವರು ಕಡಿಮೆ. ಜನ ಅಲ್ಲಿಗೆ ಹೋದದ್ದು ತೇಲುವ ಬೆಟ್ಟಗಳ ನಡುವೆ ಹಾರುವ ಸವಾರಿಗಾಗಿ. ಅಲ್ಲಿ ಬ್ರ್ಯಾಂಡ್‌ಗಿಂತ ಕಟ್ಟಿದ ಕೈಗಳ ಕೆಲಸ ಹೆಚ್ಚು ಎಂದೇ ನನ್ನ ಎಣಿಕೆ.

ಹೆಸರೊಂದೇ ಸಾಲುವುದಾಗಿದ್ದರೆ 2019ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಜನ ಉಕ್ಕಬೇಕಿತ್ತು. ಆ ವರ್ಷ ಮೇ 31ರಂದು ಅಲ್ಲಿ ‘ಸ್ಟಾರ್ ವಾರ್ಸ್’ ಲೋಕ ತೆರೆಯಿತು. ನಾಲ್ಕು ದಶಕ ಮೂರು ತಲೆಮಾರನ್ನು ಹಿಡಿದಿಟ್ಟ ಹೆಸರು ಅದು, ಖರ್ಚೂ ಅಪಾರ. ವರ್ಷದ ಕೊನೆಗೆ ಲೆಕ್ಕ ನೋಡಿದರೆ ಹಿಂದಿನ ವರ್ಷದಷ್ಟೇ, ಸುಮಾರು 1.86 ಕೋಟಿ. ಕಾರಣಗಳು ಸರಳ. ನೂಕುನುಗ್ಗಲಾಗುತ್ತದೆ ಎಂಬ ಭಯದಲ್ಲಿ ಸ್ಥಳೀಯರು ಮನೆಯಲ್ಲೇ ಉಳಿದರು. ವರ್ಷದ ಪಾಸು ಇದ್ದವರಿಗೆ ಹಲವು ದಿನ ಪ್ರವೇಶ ಕೊಡಲಿಲ್ಲ. ಟಿಕೆಟ್ ದರ ಏರಿತ್ತು. ಎರಡು ದೊಡ್ಡ ಸವಾರಿಗಳಲ್ಲಿ ಮುಖ್ಯವಾದುದು ತಯಾರಾಗಿರಲಿಲ್ಲ, ಅದು ತೆರೆದದ್ದು 2020ರ ಜನವರಿಯಲ್ಲಿ. ಅರ್ಧ ಕೆಲಸಕ್ಕೆ ಜನ ಹಣ ಕೊಡುವುದಿಲ್ಲ ಎನ್ನುವುದು ಗಜೇಂದ್ರಗಡದ ಸಂತೆಯಲ್ಲಿ ಕೂತ ವ್ಯಾಪಾರಿಗೂ ಗೊತ್ತಿರುವ ಮಾತು.

ನಮಗೆ ಹೆಚ್ಚು ಹತ್ತಿರವಾದ ಸೋಲು ದುಬೈನದು. 2016ರಲ್ಲಿ ಅಲ್ಲಿ ‘ಬಾಲಿವುಡ್ ಪಾರ್ಕ್ಸ್’ ತೆರೆಯಿತು. ಶೋಲೆ, ಲಗಾನ್, ಡಾನ್, ದಬಂಗ್, ಕ್ರಿಶ್ ಇವೆಲ್ಲದರ ಹೆಸರಿನ ಆಟಗಳು. ದುಬೈನಲ್ಲಿ ಭಾರತೀಯರು ಲಕ್ಷಗಟ್ಟಲೆ ಇದ್ದಾರೆ, ಹಿಂದಿ ಸಿನಿಮಾ ಗೊತ್ತಿಲ್ಲದವರು ವಿರಳ. ಆದರೂ 2023ರಲ್ಲಿ ಪಾರ್ಕ್ ಮುಚ್ಚಿತು. ಸಿನಿಮಾದ ಮೇಲಿನ ಅಭಿಮಾನ ಒಂದು, ಅದರ ಹೆಸರಿನ ಸವಾರಿಗೆ ಮತ್ತೆ ಮತ್ತೆ ದುಡ್ಡು ಕೊಡುವ ಮನಸ್ಸು ಇನ್ನೊಂದು. ಶೋಲೆಯನ್ನು ಮನೆಯ ಟಿವಿಯಲ್ಲಿ ನೂರು ಸಲ ನೋಡಿದವನಿಗೆ ಪಾರ್ಕ್ ನೂರೊಂದನೆಯ ಸಲಕ್ಕೆ ಹೊಸದೇನನ್ನೋ ಕೊಡಬೇಕಾಗುತ್ತದೆ. ಅಲ್ಲಿನ ಬೇಸಿಗೆಯ ಬಿಸಿಲೂ ಊರಾಚೆಯ ದೂರವೂ ಸೇರಿ ಪಾರ್ಕನ್ನು ಸೋಲಿಸಿದವು.

ಇದಕ್ಕೆ ಎದುರಾಗಿ ಯೂರೋಪಿನಲ್ಲಿ ಎರಡು ಪಾರ್ಕುಗಳಿವೆ. ಅವುಗಳ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ, ಆದರೆ ಕಲಿಯುವುದು ಬಹಳ. ನೆದರ್ಲೆಂಡ್ಸಿನ ಎಫ್ಟೆಲಿಂಗ್ ಪಾರ್ಕಿನ ಕಥಾವನ 1952ರಲ್ಲಿ ತೆರೆಯಿತು. ಚಿತ್ರಕಾರ ಆಂಟನ್ ಪೀಕ್ ಬರೆದ ಚಿತ್ರಗಳ ಮೇಲೆ ಕಟ್ಟಿದ್ದು. ಅಜ್ಜಿ ಹೇಳುವ ಕಥೆಗಳೇ ಅದರ ಬಂಡವಾಳ, ಯಾರಿಗೂ ಹಕ್ಕಿನ ಹಣ ಕೊಡಬೇಕಾಗಿಲ್ಲ. ಇಂದಿಗೂ ವರ್ಷಕ್ಕೆ ಐವತ್ತು ಲಕ್ಷಕ್ಕೂ ಮೀರಿ ಜನ ಹೋಗುತ್ತಾರೆ. ಇನ್ನೊಂದು, ಫ್ರಾನ್ಸಿನ ಹಳ್ಳಿಗಾಡಿನಲ್ಲಿರುವ ಪುಯ್ ದು ಫೂ. 1978ರಲ್ಲಿ ಅಲ್ಲಿ ಹಾಳುಬಿದ್ದ ಕೋಟೆಯೊಂದರ ಮುಂದೆ ಸುತ್ತಲಿನ ಊರುಗಳ ಜನ ತಮ್ಮ ನಾಡಿನ ಚರಿತ್ರೆಯನ್ನು ರಾತ್ರಿಯ ಬಯಲಾಟದಂತೆ ಆಡತೊಡಗಿದರು. ಇಂದಿಗೂ ಸಾವಿರಾರು ಊರವರು ಸಂಬಳವಿಲ್ಲದೆ ಅದರಲ್ಲಿ ಪಾತ್ರ ಮಾಡುತ್ತಾರೆ. ಅದರ ಪಕ್ಕದಲ್ಲೇ ಬೆಳೆದ ಪಾರ್ಕಿನಲ್ಲಿ ತಿರುಗುವ ತೊಟ್ಟಿಲಿಲ್ಲ, ಕಾರ್ಟೂನ್ ಪಾತ್ರವಿಲ್ಲ. ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಟಿಕೆಟ್ ಕೊಂಡು ಹೋಗುತ್ತಾರೆ. ದೊಡ್ಡಾಟ, ಸಣ್ಣಾಟ, ಕಂಪನಿ ನಾಟಕ ಕಂಡ ನಮ್ಮ ಕಡೆಯವರಿಗೆ ಇದು ದೂರದ ಮಾತೆನಿಸುವುದಿಲ್ಲ.

ಭಾರತದಲ್ಲಿ ಈ ದಾರಿ ದೆಹಲಿಯ ಅಪ್ಪು ಘರ್‌ನಿಂದ ಶುರುವಾಯಿತೆನ್ನಬಹುದು. 1982ರ ಏಷ್ಯನ್ ಕ್ರೀಡಾಕೂಟದ ಲಾಂಛನವಾಗಿದ್ದ ಆನೆಮರಿ ಅಪ್ಪುವಿನ ಹೆಸರಿನಲ್ಲಿ 1984ರಲ್ಲಿ ತೆರೆದ ಈ ಪಾರ್ಕ್ 2008ರಲ್ಲಿ ಮುಚ್ಚಿತು. ಇಡೀ ದೇಶ ದೂರದರ್ಶನದಲ್ಲಿ ಕಂಡ ಮುದ್ದು ಆನೆಯ ಹೆಸರು ಆರಂಭದಲ್ಲಿ ಎಷ್ಟು ನೆರವಾಯಿತೋ, ಇಪ್ಪತ್ತು ವರ್ಷದ ನಂತರ ಅಷ್ಟೇ ಅಪರಿಚಿತವಾಯಿತು. ಅಷ್ಟು ಕಾಲ ಪಾರ್ಕನ್ನು ನಡೆಸಿದ್ದು ನಗರದ ನಡುವಿನ ಅದರ ಜಾಗ. ಮುಚ್ಚಿಸಿದ್ದೂ ಆ ಜಾಗದ ತಕರಾರೇ. ಮುಂಬೈ–ಪುಣೆ ನಡುವೆ ಖೋಪೋಲಿಯಲ್ಲಿ 2013ರಲ್ಲಿ ತೆರೆದ ಇಮ್ಯಾಜಿಕಾದಲ್ಲಿ ‘ಮಿಸ್ಟರ್ ಇಂಡಿಯಾ’ ಸಿನಿಮಾದ ಸವಾರಿಯಿತ್ತು, ಉಳಿದವು ಬಹುಪಾಲು ತಾವೇ ಹೆಣೆದ ಕಥೆಗಳು. ಪಾರ್ಕ್ ಚೆನ್ನಾಗಿತ್ತು, ಸಾಲ ಅದನ್ನು ಹಿಂಡಿತು. ಕೊನೆಗೆ 2022ರಲ್ಲಿ ಒಡೆತನ ಬೇರೆಯವರ ಕೈಗೆ ಹೋಯಿತು. ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ‘ಬಾಹುಬಲಿ’ಯ ಮಾಹಿಷ್ಮತಿ ಸೆಟ್ ಒಂದು ವರವಾಗಿ ಒದಗಿತು. ಸಿನಿಮಾಕ್ಕೆಂದೇ ಕಟ್ಟಿದ್ದನ್ನು ಕೆಡವದೆ ಉಳಿಸಿಕೊಂಡರೆ ಸಾಕಾಗಿತ್ತು.

ವಂಡರ್‌ಲಾ ಈ ಎಲ್ಲದಕ್ಕೂ ಹೊರತು. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ಶುರುಮಾಡಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಅವರು 2005ರಲ್ಲಿ ಬಿಡದಿಯ ಬಳಿ ಬೆಂಗಳೂರಿನ ಪಾರ್ಕನ್ನು ತೆರೆದರು. ಯಾವ ಸಿನಿಮಾದ ಹಕ್ಕನ್ನೂ ಕೊಳ್ಳಲಿಲ್ಲ, ಕೆಲವು ಸವಾರಿಗಳನ್ನು ತಮ್ಮಲ್ಲೇ ತಯಾರಿಸಿದರು, ಸಾಲವನ್ನು ಹಿಡಿತದಲ್ಲಿಟ್ಟರು, ಶಾಲೆ–ಕಾಲೇಜಿನ ಗುಂಪುಗಳಿಗೆ ದರ ಇಳಿಸಿದರು. 2022–23ರಲ್ಲಿ ಕೊಚ್ಚಿ, ಬೆಂಗಳೂರು, ಹೈದರಾಬಾದಿನ ಮೂರು ಪಾರ್ಕುಗಳಿಗೆ ಸೇರಿ ಬಂದವರು ಸುಮಾರು 33 ಲಕ್ಷ. ನೀರಿನಾಟ, ಶುಚಿತ್ವ, ಸುರಕ್ಷತೆಯಿಂದ ಗಳಿಸಿದ ಹೆಸರೇ ಅದರ ಬ್ರ್ಯಾಂಡ್. ಅದೇ ಬಿಡದಿಯಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. ಇನ್ನೋವೇಟಿವ್ ಫಿಲ್ಮ್ ಸಿಟಿಯಲ್ಲಿ ಹೊರದೇಶದ ಹೆಸರಾಂತ ಮೇಣದ ಬೊಂಬೆಗಳ ಸಂಗ್ರಹಾಲಯ, ಅಚ್ಚರಿಗಳ ಸಂಗ್ರಹಾಲಯ ಎಲ್ಲ ಇದ್ದವು. ಮುಂದೆ ‘ಬಿಗ್ ಬಾಸ್’ ಕನ್ನಡದ ಮನೆಯೂ ಅಲ್ಲಿಗೇ ಬಂತು. ಈಗ ಆ ಜಾಗ ಹೆಸರು ಬದಲಿಸಿಕೊಂಡು ನಡೆಯುತ್ತಿದೆ. ಟಿವಿಯಲ್ಲಿ ದಿನವೂ ಕಾಣುವ ಮನೆಯನ್ನು ಪ್ರವಾಸಿ ಹೊರಗಿನಿಂದ ಮಾತ್ರ ನೋಡಬಹುದು. ಹಾಗಾದಾಗ ಆ ಹೆಸರಿನಿಂದ ಪಾರ್ಕಿಗೆ ಸಿಗುವ ಲಾಭ ಸಣ್ಣದೇ.

ಟಿಕೆಟ್ ಇಲ್ಲದ, ಯಾರೂ ಯೋಜಿಸದ ‘ಪಾರ್ಕು’ಗಳನ್ನು ಕನ್ನಡ ಸಿನಿಮಾ ಬಹಳ ಹಿಂದೆಯೇ ಕೊಟ್ಟಿದೆ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂದ ಮೇಲೆ ಚಿತ್ರದುರ್ಗದ ಕೋಟೆಗೆ ಹೋದ ಯಾವ ಶಾಲೆಯ ಮಕ್ಕಳೂ ಓಬವ್ವನ ಕಿಂಡಿ ನೋಡದೆ ಇಳಿದದ್ದಿಲ್ಲ. ತ.ರಾ.ಸು. ಅವರ ಕಾದಂಬರಿಗಳ ಆಧಾರದ ಆ ಚಿತ್ರದಲ್ಲಿ ಒನಕೆ ಹಿಡಿದ ಜಯಂತಿಯವರನ್ನು ಕಂಡವರು ಆ ಕಿಂಡಿಯ ಮುಂದೆ ನಿಂತು ಹಾಡನ್ನು ಗುನುಗುತ್ತಾರೆ. ಐವತ್ತು ವರ್ಷ ಕಳೆದರೂ ಇದು ಸವೆದಿಲ್ಲ, ಏಕೆಂದರೆ ಕಲ್ಲು ನಿಜದ್ದು, ಕಿಂಡಿ ನಿಜದ್ದು. ಸಿನಿಮಾ ಅದಕ್ಕೆ ದನಿ ಕೊಟ್ಟಿತು, ಅಷ್ಟೆ. ಮಡಿಕೇರಿ ಬಳಿಯ ಮಾಂದಲ್‌ಪಟ್ಟಿಯ ಕಥೆ ಬೇರೆ. 2008ರ ‘ಗಾಳಿಪಟ’ದಿಂದ ‘ಮುಗಿಲುಪೇಟೆ’ಯಾಗಿ ಹೆಸರಾದ ಆ ಬೆಟ್ಟಕ್ಕೆ ಜೀಪುಗಳ ಸಾಲು ಹತ್ತತೊಡಗಿತು. ರಾಮನಗರದ ರಾಮದೇವರ ಬೆಟ್ಟಕ್ಕೆ 1975ರ ಶೋಲೆಯನ್ನು ಹುಡುಕಿಕೊಂಡು ಬರುವವರಿಗೆ ಸಿಗುವುದು ಬಂಡೆಗಳು ಮತ್ತು ರಣಹದ್ದುಗಳ ಅಭಯಾರಣ್ಯ. ಸೆಟ್ಟು ಎಂದೋ ಕಳಚಿಹೋಗಿದೆ. ಅಲ್ಲಿ ಶೋಲೆಯ ನೆನಪಿನ ತಾಣ ಕಟ್ಟುವ ಮಾತು ಬಂದಾಗ ರಣಹದ್ದುಗಳ ಪರವಾಗಿ ಎದ್ದ ದನಿ ಸರಿಯಾದದ್ದೇ ಎಂದು ನಾನು ನಂಬುತ್ತೇನೆ. ಅಳಿವಿನಂಚಿನ ಹಕ್ಕಿಯ ಗೂಡಿಗಿಂತ ಯಾವ ಸಿನಿಮಾದ ಹೆಸರೂ ದೊಡ್ಡದಲ್ಲ.

ಶಿವಮೊಗ್ಗ–ತಾಳಗುಪ್ಪ ರೈಲು ಮಾರ್ಗದ ಅರಸಾಳು ನಿಲ್ದಾಣ ಇವುಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಕಾಣುವ ಆ ಹಳೆಯ ಕಟ್ಟಡವನ್ನು ನೈರುತ್ಯ ರೈಲ್ವೆಯವರು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ದೊಡ್ಡ ಖರ್ಚಿಲ್ಲ, ಸವಾರಿಯಿಲ್ಲ. ಹೆಚ್ಚು ರೈಲು ನಿಲ್ಲದ ಒಂದು ಸಣ್ಣ ನಿಲ್ದಾಣವನ್ನು ನೋಡಲು ಜನ ದಾರಿ ತಿರುಗಿಸಿಕೊಂಡು ಬರುತ್ತಾರೆ.

ಇಷ್ಟೆಲ್ಲ ನೋಡಿದ ಮೇಲೂ ನಮ್ಮ ಕಡೆಯ ದೊಡ್ಡ ಉದಾಹರಣೆಯನ್ನು ಬಿಟ್ಟರೆ ಸಮೀಕ್ಷೆ ಅಪೂರ್ಣ. ಅದು ಬನಶಂಕರಿ ಜಾತ್ರೆ. ಬಾದಾಮಿಯ ಹತ್ತಿರ, ಚೊಳಚಗುಡ್ಡದ ಬನಶಂಕರಿಯಲ್ಲಿ ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ತಿಂಗಳ ತನಕ ಜಾತ್ರೆ ನಡೆಯುತ್ತದೆ. ಮನೆ ಕಟ್ಟುವವರು ಬಾಗಿಲು, ಚೌಕಟ್ಟು ಕೊಳ್ಳಲು ಬರುತ್ತಾರೆ. ಹೊಸದಾಗಿ ಮದುವೆಯಾದವರು ಬರುತ್ತಾರೆ. ಗುಡಿಯ ಬಳಿ ತಾಯಂದಿರು ಬುಟ್ಟಿಯಲ್ಲಿ ತಂದ ಜೋಳದ ರೊಟ್ಟಿ, ಕಾಳುಪಲ್ಲೆ, ಕೆಂಪು ಚಟ್ನಿ, ಗಟ್ಟಿ ಮೊಸರು ಉಣ್ಣಿಸುತ್ತಾರೆ. ದೊಡ್ಡ ತೊಟ್ಟಿಲು, ಬಾವಿಯಲ್ಲಿ ಮೋಟರ್‌ಸೈಕಲ್, ಮಕ್ಕಳು ಕುಣಿಯುವ ಗಾಳಿಯ ಮನೆ, ಮತ್ತು ಒಂದೇ ಬಯಲಿನಲ್ಲಿ ಅಕ್ಕಪಕ್ಕ ತಂಬು ಹಾಕಿದ ನಾಟಕ ಕಂಪನಿಗಳು. ರಾತ್ರಿಯಿಡೀ ಆಟ.

ಬ್ರ್ಯಾಂಡಿನ ಬಲವನ್ನು ಇಲ್ಲಿ ಬರಿಗಣ್ಣಿನಿಂದ ಅಳೆಯಬಹುದು. ಗಾಳಿಯ ಮನೆಯ ಮೇಲೆ ಛೋಟಾ ಭೀಮ್ ಚಿತ್ರವಿದ್ದರೆ ಮಗು ಅದನ್ನೇ ತೋರಿಸಿ ಹಟ ಮಾಡುತ್ತದೆ, ಪಕ್ಕದ್ದನ್ನು ಬಿಡುತ್ತದೆ. ಒಂದು ನಾಟಕ ಕಂಪನಿ ಟಿವಿಯ ಹಾಸ್ಯ ಕಲಾವಿದರನ್ನೋ ಸಿನಿಮಾ ನಟಿಯನ್ನೋ ಅತಿಥಿಯಾಗಿ ಕರೆಸಿ ಆಳೆತ್ತರದ ಪೋಸ್ಟರ್ ಹಾಕಿದ ದಿನ ಅದರ ಗೇಟಿನಲ್ಲಿ ಸಾಲು ಉದ್ದವಾಗುತ್ತದೆ, ಎದುರಿನ ಕಂಪನಿಯ ಕುರ್ಚಿ ಖಾಲಿ ಉಳಿಯುತ್ತವೆ. ಆದರೆ ಛೋಟಾ ಭೀಮ್‌ಗಾಗಿ, ನಟಿಗಾಗಿ ಮುಶಿಗೇರಿಯಿಂದ ಬನಶಂಕರಿಗೆ ಯಾರೂ ಗಾಡಿ ಕಟ್ಟುವುದಿಲ್ಲ. ತಾಯಿ ಬನಶಂಕರಿಗಾಗಿ ಬಂದವರು, ಬಂದ ಮೇಲೆ ಆ ತಂಬೋ ಈ ತಂಬೋ ಎಂದು ಆರಿಸುತ್ತಾರೆ. ಹೆಸರು ಜಾತ್ರೆಯ ಜನರನ್ನು ಹಂಚುತ್ತದೆ, ಹೆಚ್ಚಿಸುವುದಿಲ್ಲ. ಪಾರ್ಕ್ ಕಟ್ಟುವವರು ಲೆಕ್ಕ ಹಾಕುವಾಗ ಈ ವ್ಯತ್ಯಾಸವನ್ನೇ ಮರೆಯುತ್ತಾರೆ. ಒರ್ಲಾಂಡೊಗೆ ಅದಾಗಲೇ ಕೋಟಿಗಟ್ಟಲೆ ಜನ ಬರುತ್ತಿದ್ದರು. ಹ್ಯಾರಿ ಪಾಟರ್ ಅವರಲ್ಲಿ ದೊಡ್ಡ ಪಾಲನ್ನು ಒಂದು ಬಾಗಿಲಿಗೆ ತಿರುಗಿಸಿದ. ಅದೇ ಹೆಸರನ್ನು ಜನರೇ ಬಾರದ ಬಯಲಿನಲ್ಲಿ ನೆಟ್ಟರೆ ಅದೇ ಫಲ ಬರಲಾರದು.

ಅತಿಥಿ ನಟರ ಈ ರೂಢಿಗೆ ಕಂಪನಿಗಳು ತೆತ್ತ ಬೆಲೆಯೂ ದೊಡ್ಡದು. ಒಂದು ಕಾಲಕ್ಕೆ ಕಂಪನಿಗಳಿಂದ ಸಿನಿಮಾಕ್ಕೆ ಕಥೆ ಹೋಗುತ್ತಿತ್ತು. ಗುಬ್ಬಿ ಕಂಪನಿಯ ‘ಬೇಡರ ಕಣ್ಣಪ್ಪ’ 1954ರಲ್ಲಿ ರಾಜ್‌ಕುಮಾರ್ ಅವರನ್ನು ನಾಯಕನನ್ನಾಗಿ ತೆರೆಗೆ ತಂದಿತು. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕ ಹಳ್ಳಿಹಳ್ಳಿ ಗೆದ್ದ ಮೇಲೆ 1974ರಲ್ಲಿ ರಾಜ್ ಚಿತ್ರವಾಯಿತು. ಇಂದು ಕಂಪನಿಯವರು ಟಿವಿಯಿಂದ ಮುಖವನ್ನು ಸಾಲ ತರುತ್ತಾರೆ. ಆ ಮುಖ ಊರು ಬಿಟ್ಟ ಮರುದಿನ ಗೇಟ್ ಮತ್ತೆ ಬರಿದಾಗುತ್ತದೆ. ದಿನವೂ ಬಣ್ಣ ಹಚ್ಚುವ ಕಂಪನಿಯ ಕಲಾವಿದರಿಗೆ ಸಿಗಬೇಕಾದ ಹಣ ಒಂದು ರಾತ್ರಿಯ ಸಂಭಾವನೆಗೆ ಹೋಗುತ್ತದೆ. ಹಕ್ಕಿನ ಹಣ ತೆತ್ತು ಸೊರಗುವ ಪಾರ್ಕುಗಳ ಸಂಕಟವೂ ಇದೇ.

ಗದಗಿನಲ್ಲಿ ಇನ್ನೊಂದು ಬಗೆಯ ಹೆಸರಿತ್ತು, ಅದನ್ನು ನೆನೆದರೆ ಮನಸ್ಸು ತುಂಬುತ್ತದೆ. ವೀರೇಶ್ವರ ಪುಣ್ಯಾಶ್ರಮದ ಕುಮಾರೇಶ್ವರ ಕೃಪಾಪೋಷಿತ ನಾಟ್ಯ ಸಂಘ. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಕಂಪನಿಯ ನಾಟಕಕ್ಕೆ ಟಿಕೆಟ್ ಕೊಂಡರೆ ಅದು ಅಂಧ ಮಕ್ಕಳ ಅನ್ನಕ್ಕೆ, ಸಂಗೀತ ಪಾಠಕ್ಕೆ ಹೋಗುತ್ತದೆ ಎಂದು ಜನರಿಗೆ ಗೊತ್ತಿತ್ತು. ಹೊಲದ ಕೆಲಸ ಮುಗಿಸಿ ಬಂದವರು ಚಕ್ಕಡಿ ಹೂಡಿಕೊಂಡು ನಾಟಕಕ್ಕೆ ಹೋದದ್ದರ ಹಿಂದೆ ಆ ವಿಶ್ವಾಸವೂ ಇತ್ತು. ಇದನ್ನು ಯಾವ ಪರವಾನಗಿಯಿಂದಲೂ ಕೊಳ್ಳಲಾಗದು.

ಕಥೆಯ ಮೇಲೆ ತಾಣ ಕಟ್ಟಿ ಗೆದ್ದದ್ದಕ್ಕೆ ನಮ್ಮ ರಾಜ್ಯದಲ್ಲಿ ಮುರುಡೇಶ್ವರಕ್ಕಿಂತ ದೊಡ್ಡ ನಿದರ್ಶನವಿಲ್ಲ. ರಾವಣ, ಆತ್ಮಲಿಂಗ, ಗಣಪತಿಯ ಭೂಕೈಲಾಸ ಕಥೆ ಹರಿಕಥೆಯಿಂದ ಯಕ್ಷಗಾನಕ್ಕೆ, ಅಲ್ಲಿಂದ 1958ರಲ್ಲಿ ರಾಜ್‌ಕುಮಾರ್ ರಾವಣನಾದ ಚಿತ್ರಕ್ಕೆ ಹರಿದು ಎಲ್ಲರ ಮನೆ ಸೇರಿತ್ತು. ಆರ್.ಎನ್. ಶೆಟ್ಟರು 123 ಅಡಿಯ ಶಿವನನ್ನು ಕಡಲ ದಂಡೆಯಲ್ಲಿ ಕೂರಿಸಿ, ಬುಡದ ಗುಹೆಯಲ್ಲಿ ಆ ಕಥೆಯನ್ನು ಬೊಂಬೆಗಳಲ್ಲಿ ನಿಲ್ಲಿಸಿದರು. ಸಮುದ್ರ, ಗುಡಿ, ಕಥೆ ಮೂರೂ ಒಂದೇ ಕಡೆ. ಶಿಗ್ಗಾವಿ ತಾಲ್ಲೂಕಿನ ಗೋಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇನ್ನೂ ಧೈರ್ಯದ ಕೆಲಸ. ಅಲ್ಲಿ ರಾಜ್‌ಕುಮಾರ್ ಪಾತ್ರಗಳ ಶಿಲ್ಪಗಳೂ ಇವೆ, ನಿಜ. ಆದರೆ ಮಕ್ಕಳು ನಿಂತುಬಿಡುವುದು ಹಳ್ಳಿಯ ಮುಂದೆ: ಕುಟ್ಟುವವರು, ಬೀಸುವವರು, ಕುರಿ ಕಾಯುವವರು, ದನ ಕಟ್ಟಿದ ಹಟ್ಟಿ. ಎತ್ತುಗಳಿಲ್ಲದ ಹಟ್ಟಿಯಲ್ಲಿ ಬೆಳೆಯುತ್ತಿರುವ ಇಂದಿನ ಮಕ್ಕಳಿಗೆ ಅಜ್ಜನ ಬದುಕೇ ಅಲ್ಲಿ ಅಚ್ಚರಿಯ ಲೋಕ.

ಇನ್ನು ದಾರಿಖರ್ಚು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತವಾದಾಗ ರಾಜ್ಯದ ಯಾತ್ರಾಸ್ಥಳಗಳಲ್ಲಿ ಆದ ದಟ್ಟಣೆಯನ್ನು ಎಲ್ಲರೂ ಕಂಡರು. ಮನೆ ಬಿಟ್ಟು ಹೊರಗೆ ಹೋಗಲು ಗಂಡನ ಮುಂದೆ, ಮಗನ ಮುಂದೆ ಕೈಚಾಚಬೇಕಿದ್ದ ತಾಯಂದಿರು ಧರ್ಮಸ್ಥಳ, ಯಲ್ಲಮ್ಮನಗುಡ್ಡ, ಬನಶಂಕರಿ ನೋಡಿ ಬಂದರು. ಇಷ್ಟು ಜನರನ್ನು ಒಂದೇ ಸಲಕ್ಕೆ ಎಬ್ಬಿಸಿ ಕರೆದೊಯ್ದ ಕಾರ್ಟೂನ್ ಪಾತ್ರ ಜಗತ್ತಿನಲ್ಲಿ ಯಾವುದೂ ಇಲ್ಲ. ಮುಶಿಗೇರಿಯಿಂದ ಬಿಡದಿ ನಾನೂರು ಕಿಲೋಮೀಟರಿಗೂ ದೂರ. ಕೂಲಿ ಮಾಡುವ ಮನೆಯ ಮಗುವಿಗೆ ಟ್ರಿಪ್ಪಿನ ಹಣ ಹೊಂದಿಸುವುದೇ ಒಂದು ತಿಂಗಳ ಚಿಂತೆ. ಪಾರ್ಕಿನ ಮುಂದೆ ಯಾವ ಹೆಸರಿದೆ ಎನ್ನುವುದು ಆ ಮನೆಯಲ್ಲಿ ಚರ್ಚೆಗೇ ಬರುವುದಿಲ್ಲ.

ಆದ್ದರಿಂದ ಉತ್ತರ ಕರ್ನಾಟಕದಲ್ಲಿ ಮುಂದೆ ಯಾರಾದರೂ ಪಾರ್ಕ್ ಕಟ್ಟುವುದಾದರೆ ಹೊರಗಿನ ಹೆಸರಿಗೆ ಹಣ ಸುರಿಯುವ ಮೊದಲು ಬಾದಾಮಿ ಚಾಲುಕ್ಯರ ಕಥೆಯನ್ನು, ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯಂಥ ನಾಟಕಗಳನ್ನು ಒಮ್ಮೆ ತಿರುವಿಹಾಕಲಿ. ನಾಟಕಕಾರರ ಮನೆಯವರಿಗೆ ನ್ಯಾಯವಾದ ಪಾಲು ಕೊಟ್ಟು ಹಕ್ಕು ಪಡೆಯಲಿ. ದೇವರು, ದೈವಗಳ ವಿಷಯದಲ್ಲಿ ಮಾತ್ರ ಗಡಿ ಇರಲಿ. ‘ಕಾಂತಾರ’ ಗೆದ್ದ ಮೇಲೆ ದೈವದ ವೇಷ ಹಾಕಿಕೊಂಡು ಚಿತ್ರಮಂದಿರಕ್ಕೆ ಬಂದವರನ್ನು ಕಂಡು ತುಳುನಾಡಿನವರು ನೊಂದರು. ಹಾಗೆ ಮಾಡಬೇಡಿ ಎಂದು ಚಿತ್ರದವರೇ ಕೇಳಿಕೊಳ್ಳಬೇಕಾಯಿತು. ನಂಬಿ ನಡೆಯುವವರಿರುವಾಗ ದೈವವನ್ನು ಸವಾರಿಯ ಬಾಗಿಲಿಗೆ ಅಂಟಿಸಬಾರದು.

ಇದಕ್ಕೂ ಮೊದಲು ಆಗಬೇಕಾದ ಸಣ್ಣ ಕೆಲಸವೊಂದಿದೆ. ಜಾತ್ರೆಗೆ ಗೇಟಿಲ್ಲ, ಆದ್ದರಿಂದ ಲೆಕ್ಕವೂ ಇಲ್ಲ. ಸಾರಿಗೆ ಸಂಸ್ಥೆಯವರು ಬನಶಂಕರಿಗೆ ಬಿಡುವ ಹೆಚ್ಚುವರಿ ಬಸ್ಸುಗಳ ದಿನದ ಹಾಳೆ, ನಾಟಕ ಕಂಪನಿಗಳ ಟಿಕೆಟ್ ಪುಸ್ತಕ, ಶಾಲೆಗಳ ಟ್ರಿಪ್ಪಿನ ಅನುಮತಿ ಪತ್ರ, ಈ ಮೂರನ್ನು ಹತ್ತು ವರ್ಷದ ಮಟ್ಟಿಗೆ ಒಟ್ಟುಗೂಡಿಸಿದರೆ ಯಾವ ಊರಿನವರು, ಯಾವ ದಿನ, ಏನನ್ನು ನೋಡಲು ಹೊರಡುತ್ತಾರೆ ಎಂಬುದು ತಿಳಿಯುತ್ತದೆ. ಗದಗ, ಬಾಗಲಕೋಟೆ ಜಿಲ್ಲೆಗಳ ಕಾಲೇಜುಗಳಲ್ಲಿ ಅರ್ಥಶಾಸ್ತ್ರ, ಪ್ರವಾಸೋದ್ಯಮ ಓದುವ ವಿದ್ಯಾರ್ಥಿಗಳು ಒಂದು ಬನದ ಹುಣ್ಣಿಮೆಯಿಂದ ಈ ಕೆಲಸ ಶುರುಮಾಡಬಹುದು.